ಹೋಸ್ಟಾಗೆ ಬಾಣಂತನ

ಚಳಿಯ ವಿಷಯದಲ್ಲಿ ಮೈಸೂರಿನವರಿಗೆ ಇರುವಷ್ಟು ಖಡಾಖಂಡಿತ ಅಭಿಪ್ರಾಯಗಳು ಚಳಿ ದೇಶದವರಿಗೂ ಇರಲಾರವು. ನಮ್ಮ ಬಡಾವಣೆಯಲ್ಲಿ ನವೆಂಬರ್ ಬಂತೆಂದರೆ ಹಾಲು ತರಲು ಹೊರಟವರೆಲ್ಲ ಮಂಕಿ ಕ್ಯಾಪಿನೊಳಗೆ ಅಡಗಿ, ಕಣ್ಣಷ್ಟೇ ಹೊರಗೆ ಬಿಟ್ಟುಕೊಂಡು, "ಈ ಸಲ ಚಳಿ ಸ್ವಲ್ಪ ಜಾಸ್ತೀನೇ ಅಲ್ವೇನ್ರೀ" ಎನ್ನುತ್ತಾರೆ. ಹೋದ ವರ್ಷವೂ ಹೀಗೇ ಅಂದಿದ್ದರು, ಬರುವ ವರ್ಷವೂ ಅನ್ನುತ್ತಾರೆ. ನಾನೂ ಅದೇ ಪಂಗಡಕ್ಕೆ ಸೇರಿದವಳು. ಹೈಸ್ಕೂಲಿನಲ್ಲಿ ಮೂರು ದಶಕ ಜೀವಶಾಸ್ತ್ರ ಕಲಿಸಿದ್ದೇನೆ. ನೆಗಡಿ ಬರುವುದು ವೈರಸ್ಸಿನಿಂದ ಎಂದು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಗೆರೆ ಎಳೆದು, ಸಂಜೆ ಮನೆಗೆ ಬಂದು ಮಗಳ ಕಿವಿಗೆ ಹತ್ತಿ ತುರುಕುತ್ತಿದ್ದೆ. ಈ ಎರಡು ಕೆಲಸಗಳ ನಡುವೆ ಏನಾದರೂ ವಿರೋಧ ಇರಬಹುದು ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಅನಿಸುವಂತೆ ಮಾಡಿದ್ದು ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್ ಎಂಬ ಊರಿನ ಒಂದು ಗಿಡ.

ಮಗಳು ಸಿಂಧು ಆ ಊರಿನಲ್ಲಿದ್ದಾಳೆ. ಅಳಿಯ ವೀರೇಶ ಹುಬ್ಬಳ್ಳಿಯ ಹುಡುಗ, ಚಿಪ್ ಮಾಡುವ ಯಂತ್ರಗಳ ಇಂಜಿನಿಯರು. ಸಿಂಧುಗೆ ನವೆಂಬರಿನಲ್ಲಿ ಹೆರಿಗೆ ಎಂದು ಗೊತ್ತಾದ ಕೂಡಲೇ ನಾನು ಬಾಣಂತನಕ್ಕೆ ಸಿದ್ಧಳಾದೆ. ಯಜಮಾನರನ್ನೂ ಕರೆದೆ. "ಬಾಣಂತನದಲ್ಲಿ ನನಗೇನು ಕೆಲಸ? ನಾನು ಇಲ್ಲೇ ಗಿಡಗಳಿಗೆ ನೀರು ಹಾಕಿಕೊಂಡಿರ್ತೀನಿ" ಎಂದು ಅವರು ಜಾಣತನದಿಂದ ತಪ್ಪಿಸಿಕೊಂಡರು. ಒಣಶುಂಠಿ, ಓಮ, ಮೆಣಸು, ಅಂಟಿನುಂಡೆ, ಹರಳೆಣ್ಣೆ, ಸಾಂಬ್ರಾಣಿ, ಹೊಟ್ಟೆಗೆ ಕಟ್ಟಲು ಹಳೇ ಕಾಟನ್ ಸೀರೆಗಳು, ಒಂದು ಪೊಟ್ಟಣ ಹತ್ತಿ, ಇವನ್ನೆಲ್ಲ ತುಂಬಿದ ಮೇಲೆ ಸೂಟ್‌ಕೇಸಿನಲ್ಲಿ ನನ್ನ ಬಟ್ಟೆಗೆ ಜಾಗವೇ ಉಳಿಯಲಿಲ್ಲ. ನನ್ನ ಅಮ್ಮ ನನಗೆ ಮಾಡಿದ್ದನ್ನು, ಅವರಿಗೆ ಅವರ ಅಮ್ಮ ಮಾಡಿದ್ದನ್ನು, ನಾನು ಮಗಳಿಗೆ ಚಾಚೂ ತಪ್ಪದೆ ಮಾಡಬೇಕು ಎಂಬ ಹುರುಪು. ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳುವವರು ಯಾರೂ ಇರಲಿಲ್ಲ ಎಂಬುದೂ ಆ ಹುರುಪಿಗೆ ಒಂದು ಕಾರಣ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಆ ದೇಶದಲ್ಲಿ ಬಾಣಂತನ ಮಾಡಲು ಸರ್ಕಾರದ ವ್ಯವಸ್ಥೆಯೇ ಇದೆಯಂತೆ. ಹೆರಿಗೆಯಾದ ಮನೆಗೆ ಮೊದಲ ಒಂದು ವಾರ ಒಬ್ಬ ದಾದಿ ಬರುತ್ತಾಳೆ. ನಮ್ಮ ಮನೆಗೆ ಬಂದವಳು ಆರಡಿ ಎತ್ತರದ ನಗುಮುಖದ ಹೆಂಗಸು. ಬಂದವಳೇ ಮಾಡಿದ ಮೊದಲ ಕೆಲಸವೆಂದರೆ ಬಾಣಂತಿ ಕೋಣೆಯ ಕಿಟಕಿ ತೆರೆದದ್ದು. ನಾನು ಹಿಂದೆಯೇ ಹೋಗಿ ಮುಚ್ಚಿದೆ. ಅವಳು ಮತ್ತೆ ತೆರೆದಳು. ಇಡೀ ವಾರ ನಾವಿಬ್ಬರೂ ಒಬ್ಬರಿಗೊಬ್ಬರು ನಗುನಗುತ್ತಲೇ ಆ ಕಿಟಕಿಯನ್ನು ತೆರೆದು ಮುಚ್ಚಿ ಮಾಡಿದೆವು. ಮಗುವಿನ ಹಾಸಿಗೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟಳು, ಅಷ್ಟರ ಮಟ್ಟಿಗೆ ಅವಳ ಮೇಲೆ ಗೌರವ ಬಂತು. ಸಿಂಧುವೋ, ಎರಡನೇ ದಿನಕ್ಕೇ ಎದ್ದು ಓಡಾಡತೊಡಗಿದಳು. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲು ಬಿಟ್ಟುಕೊಂಡು ಫ್ರಿಜ್ಜಿನಿಂದ ಮೊಸರು ತೆಗೆದು ಹಾಗೇ ತಿಂದಳು. ನನ್ನ ಎದೆ ಒಡೆಯುವುದೊಂದು ಬಾಕಿ. ಸಾಂಬ್ರಾಣಿ ಹಾಕೋಣವೆಂದು ಬಾಣಲೆಯಲ್ಲಿ ಕೆಂಡ ಮಾಡಿಕೊಂಡು ಮೇಲೆ ಹೋದೆ, ಸೂರಿನಲ್ಲಿದ್ದ ಹೊಗೆ ಅಲಾರಂ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ವೀರೇಶ ಆಫೀಸ್ ಮೀಟಿಂಗ್ ಬಿಟ್ಟು ಓಡಿಬಂದು ಸ್ಟೂಲ್ ಹತ್ತಿ ಅದರ ಬಾಯಿ ಮುಚ್ಚಿಸಿದ. "ಇರ್ಲಿ ಬಿಡ್ರೀ ಅತ್ತೀ, ಹಿಂಗ ಒಮ್ಮೊಮ್ಮಿ ಟೆಸ್ಟ್ ಆಗಬೇಕು ಅದು" ಎಂದ. ಒಳ್ಳೆ ಹುಡುಗ. ಸಿಂಧು ಮಾತ್ರ, "ಅಮ್ಮಾ ಪ್ಲೀಸ್, ಮನೆಯಲ್ಲಿ ಹೀಟರ್ ಇದೆ. ನಂಗೇನೂ ಆಗಿಲ್ಲ. ನೀನು ಸುಮ್ನೆ ರೆಸ್ಟ್ ತಗೋ" ಎಂದಳು. ಐದು ಸಾವಿರ ಮೈಲಿಯೋ ಎಷ್ಟೋ ಹಾರಿ ಬಂದವಳಿಗೆ ರೆಸ್ಟ್ ತಗೋ ಅನ್ನುವುದೆಂದರೆ!

ಇಂಥ ಹೊತ್ತಿನಲ್ಲಿ ಪಕ್ಕದ ಮನೆಯ ತ್ರೂಸ್ ಬಂದರು. ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಒಬ್ಬರೇ ಇರುತ್ತಾರೆ, ಮಳೆ ಬಿಸಿಲೆನ್ನದೆ ಸೈಕಲ್ ಹೊಡೆಯುತ್ತಾರೆ, ಮನಸ್ಸಿಗೆ ಬಂದದ್ದನ್ನು ನೇರವಾಗಿ ಇಂಗ್ಲಿಷಿನಲ್ಲಿ ಹೇಳಿಬಿಡುತ್ತಾರೆ. ಮೊಮ್ಮಗಳು ಇರಾಳನ್ನು ನೋಡಲು ಬಂದವರ ಕೈಯಲ್ಲಿ ಒಂದು ಮಣ್ಣಿನ ಕುಂಡ, ಅದರಲ್ಲಿ ನಮ್ಮ ಕೆಸುವಿನ ದಾಯಾದಿಯ ಹಾಗೆ ಕಾಣುವ ಅಗಲ ಎಲೆಯ ಗಿಡ. ಹೆಸರು ಹೋಸ್ಟಾ. ಆಗಲೇ ಎಲೆಗಳು ಸ್ವಲ್ಪ ಹಳದಿ ತಿರುಗಿದ್ದವು. ಬಿಸಿಲು ಬೀಳದ ಜಾಗವೇ ಅದಕ್ಕೆ ಇಷ್ಟವಂತೆ. ತ್ರೂಸ್ ಹಿತ್ತಲಲ್ಲಿ ಶೆಡ್ಡಿನ ನೆರಳಿಗೆ ಇರುವ ದೊಡ್ಡ ಹಿಂಡನ್ನು ಅವರ ತಾಯಿ ನೆಟ್ಟದ್ದು. ಆ ಓಣಿಯಲ್ಲಿ ಮಗು ಹುಟ್ಟಿದಾಗಲೆಲ್ಲ ಅದರಿಂದ ಒಂದು ತುಂಡನ್ನು ಗುದ್ದಲಿಯಲ್ಲಿ ಸೀಳಿ, ಕುಂಡಕ್ಕೆ ಹಾಕಿ, ಮಗುವಿನ ಹೆಸರಿನಲ್ಲಿ ಕೊಡುವುದು ಅವರ ಪದ್ಧತಿ. "ಇದು ಇರಾಳ ಗಿಡ. ಅವಳು ನಡೆಯುವ ಹೊತ್ತಿಗೆ ಇದು ಅವಳ ಮೊಣಕಾಲಿಗೆ ಬಂದಿರುತ್ತದೆ. ಹೊರಗೇ ಇಡಿ, ಮರೆತುಬಿಡಿ" ಎಂದರು. ಹೊರಗೇ ಇಡಿ ಎಂಬುದನ್ನು ನಾನು ಕೇಳಿಸಿಕೊಂಡೆ. ಮರೆತುಬಿಡಿ ಎಂಬುದು ನನ್ನ ಸ್ವಭಾವದಲ್ಲಿ ಇಲ್ಲ.

ಒಂದು ಬೆಳಗ್ಗೆ ಎದ್ದು ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ಹಿತ್ತಲೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿದೆ. ಆ ವರ್ಷದ ಮೊದಲ ಹೆಪ್ಪು, ಇಬ್ಬನಿಯೇ ಗಡ್ಡೆಕಟ್ಟುವಂಥ ಚಳಿ. ಮಧ್ಯಾಹ್ನ ಅದು ಕರಗುವ ಹೊತ್ತಿಗೆ ಇರಾಳ ಗಿಡದ ಎಲೆಗಳೆಲ್ಲ ಬೇಯಿಸಿ ಬಸಿದ ಸೊಪ್ಪಾಗಿದ್ದವು. ಎರಡು ಮೂರು ದಿನದಲ್ಲಿ ಅವೂ ಹೋಗಿ ಕುಂಡದಲ್ಲಿ ಬರೀ ಮಣ್ಣು ಉಳಿಯಿತು. ನಾನು ಮೂಢನಂಬಿಕೆಯವಳಲ್ಲ. ಗ್ರಹಣದ ದಿನ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ತಿಂಡಿ ತಿನ್ನಿಸಿದ ಟೀಚರು. ಆದರೂ ಮೊಮ್ಮಗಳ ಹೆಸರಿನಲ್ಲಿ ಕೊಟ್ಟ ಗಿಡ ತಿಂಗಳು ತುಂಬುವುದರೊಳಗೆ ಹೀಗಾಗುವುದೆಂದರೆ ಏನರ್ಥ? ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಸಿಂಧು ನಗುತ್ತಾಳೆ, ನಗದಿದ್ದರೆ ಇನ್ನೂ ಕಷ್ಟ.

"ಗಿಡ ಸತ್ತುಹೋಯ್ತಲ್ಲಪ್ಪ" ಎಂದು ವೀರೇಶನ ಹತ್ತಿರ ಮೆಲ್ಲಗೆ ಅಂದೆ. ಅವನು ಫೋನ್ ತಡಕಿ ನೋಡಿ, "ಚಿಂತಿ ಮಾಡಬ್ಯಾಡ್ರೀ ಅತ್ತೀ. ಮೈನಸ್ ಮೂವತ್ತಿದ್ರೂ ಏನೂ ಆಗಂಗಿಲ್ಲಂತ ಅದಕ್ಕ. ಮಣ್ಣಾಗ ಮಕ್ಕೊಂಡೈತಿ" ಎಂದ. ಮೈನಸ್ ಮೂವತ್ತು! ಹದಿನೈದು ಡಿಗ್ರಿಗೆ ನಮ್ಮ ಬಡಾವಣೆಯೇ ಬಾಗಿಲು ಹಾಕಿಕೊಳ್ಳುತ್ತದೆ, ಅಷ್ಟು ಮೆದು ಎಲೆಯ ಗಿಡಕ್ಕೆ ಏನೂ ಆಗುವುದಿಲ್ಲವೆಂದರೆ ನಂಬುವುದು ಹೇಗೆ? ಇನ್ನು ತಮಾಷೆಯೆಂದರೆ, ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ನಾನೇ ಪಾಠ ಮಾಡಿದ್ದೇನೆ. ಪ್ರತಿಕೂಲ ಹವೆಯಲ್ಲಿ ಸಸ್ಯವು ಬೆಳವಣಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು ಎಂದು ನೋಟ್ಸ್ ಬರೆಸಿದ್ದೇನೆ, ಉದಾಹರಣೆ ಬರೆಯದವರ ಅಂಕ ಕತ್ತರಿಸಿದ್ದೇನೆ. ಆದರೆ ಮೈಸೂರಿನಲ್ಲಿ ಯಾವ ಗಿಡ ಹಾಗೆ ನೆಲದೊಳಗೆ ಮಾಯವಾಗಿ ಮಲಗುತ್ತದೆ ಹೇಳಿ? ನಮ್ಮ ದಾಸವಾಳ ವರ್ಷವಿಡೀ ಡ್ಯೂಟಿ ಮಾಡುತ್ತದೆ. ಕಣ್ಣಾರೆ ನೋಡದ ಪಾಠವನ್ನು ಅಷ್ಟು ವರ್ಷ ಎಷ್ಟು ಧೈರ್ಯವಾಗಿ ಮಾಡಿದೆನಲ್ಲ ಎಂದು ಈಗ ಆಶ್ಚರ್ಯವಾಗುತ್ತದೆ.

ಆ ಮನೆಗಳಲ್ಲಿ ನೀರು ಕಾಯಿಸಿ ಮನೆ ಬೆಚ್ಚಗಿಡುವ ಬಾಯ್ಲರ್ ಇರುವುದು ಅಟ್ಟದಲ್ಲಿ. ವಾಷಿಂಗ್ ಮಷೀನೂ ಅಲ್ಲೇ. ಬಟ್ಟೆ ಒಗೆಯುವ ಕೆಲಸ ಒಂದನ್ನು ಮಾತ್ರ ನನಗೆ ಬಿಟ್ಟುಕೊಟ್ಟಿದ್ದರಾದ್ದರಿಂದ ಅಟ್ಟ ನನ್ನ ಸಾಮ್ರಾಜ್ಯ. ಸಿಂಧು ಮಗುವನ್ನು ತೂಕ ಹಾಕಿಸಲು ಹೋದ ಒಂದು ಬೆಳಗ್ಗೆ ಕುಂಡವನ್ನು ಎತ್ತಿಕೊಂಡು ಆ ಏಣಿಯಂಥ ಮೆಟ್ಟಿಲು ಹತ್ತಿ ಬಾಯ್ಲರ್ ಪಕ್ಕದಲ್ಲಿಟ್ಟೆ. ಹೊಟ್ಟೆಗೆ ಕಟ್ಟಲು ತಂದ ಸೀರೆಗಳು ಸುಮ್ಮನೆ ಬಿದ್ದಿದ್ದವಲ್ಲ, ಒಂದನ್ನು ಹರಿದು ಕುಂಡಕ್ಕೆ ಮೂರು ಸುತ್ತು ಬಿಗಿಯಾಗಿ ಕಟ್ಟಿದೆ. ತಣ್ಣೀರು ಸೋಕಿಸಲಿಲ್ಲ, ಉಗುರುಬೆಚ್ಚಗಿನ ನೀರನ್ನೇ ಹಾಕಿದೆ. ಸಂಜೆ ಹೊತ್ತು ಚಾವಣಿಯ ಗಾಜಿನಿಂದ ಥಂಡಿ ಇಳಿಯದಿರಲೆಂದು ಟವೆಲ್ ಹೊದಿಸುತ್ತಿದ್ದೆ. ಅಲಾರಂ ಇಲ್ಲದಿದ್ದರೆ ಸಾಂಬ್ರಾಣಿಯನ್ನೂ ಹಾಕುತ್ತಿದ್ದೆನೇನೋ. ಕೆಳಗೆ ಮಗಳು ಬೇಡ ಬೇಡವೆಂದ ಬಾಣಂತನವೆಲ್ಲ ಮೇಲೆ ಗಿಡಕ್ಕೆ ಸಾಂಗವಾಗಿ ನಡೆಯಿತು. ಗಿಡ ಎದುರಾಡಲಿಲ್ಲ. ಆ ಮನೆಯಲ್ಲಿ ನಾನು ಹೇಳಿದಂತೆ ಕೇಳುವವರು ಅದೊಂದೇ ಎಂದು ಅದರ ಮೇಲೆ ಪ್ರೀತಿ ಬೆಳೆಯಿತು. ಕ್ರಿಸ್‌ಮಸ್ ಕಳೆದು ಜನವರಿ ಬಂತು. ಹೊರಗೆ ಕೆರೆಕಟ್ಟೆ ಹೆಪ್ಪುಗಟ್ಟಿ ಮಕ್ಕಳು ಜಾರಾಡುತ್ತಿರುವಾಗ, ಅಟ್ಟದ ಕುಂಡದಲ್ಲಿ ಸೂಜಿಯಂಥ ಮೊಳಕೆಗಳು ತಲೆಯೆತ್ತಿದವು. ನಾನು ಒಗೆಯುವ ಬಟ್ಟೆಯನ್ನು ಅಲ್ಲೇ ಬಿಟ್ಟು ಕೈಮುಗಿದೆ.

ಗೆದ್ದವರಿಗೆ ಸುಮ್ಮನಿರುವುದು ಕಷ್ಟ. ತ್ರೂಸ್ ಅವರನ್ನು ಕಾಫಿಗೆ ಕರೆದೆ. ನಮ್ಮ ಫಿಲ್ಟರ್ ಕಾಫಿ, ಜೊತೆಗೆ ಕೋಡುಬಳೆ. ಮಾತಿನ ನಡುವೆ, "ನಿಮಗೊಂದು ತೋರಿಸುತ್ತೇನೆ" ಎಂದು ಹೋಗಿ ಕುಂಡವನ್ನು ತಂದು ಮೇಜಿನ ಮೇಲಿಟ್ಟೆ. ಅಷ್ಟು ಹೊತ್ತಿಗೆ ಮೊಳಕೆಗಳು ಬಿಳಿಚಿಕೊಂಡ ಉದ್ದುದ್ದ ಎಲೆಗಳಾಗಿ ಒಂದರ ಮೇಲೊಂದು ಒರಗಿದ್ದವು. ನನ್ನ ಕಣ್ಣಿಗೆ ಅದು ಸೌಂದರ್ಯ. ತ್ರೂಸ್ ಕೈಯಲ್ಲಿದ್ದ ಕೋಡುಬಳೆ ಬಾಯಿಗೆ ಹೋಗದೆ ನಿಂತಿತು. "ಇದಕ್ಕೆ ಏನು ಮಾಡಿದಿರಿ?" ಎಂದರು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಸೀರೆಯ ತನಕ ಹೇಳಿದೆ. ಅವರು ಕೋಡುಬಳೆಯನ್ನು ತಟ್ಟೆಗೆ ವಾಪಸಿಟ್ಟು, ನೇರವಾಗಿ ಹೇಳಿದರು. "ನೀವು ಅದನ್ನು ನಿದ್ದೆಯಿಂದ ಎಬ್ಬಿಸಿದ್ದೀರಿ. ಅದಕ್ಕೆ ಚಳಿ ಬೇಕು. ವಾರಗಟ್ಟಲೆ ಚಳಿಯಲ್ಲಿ ಮಲಗಿದರೆ ಮಾತ್ರ ವಸಂತದಲ್ಲಿ ಶಕ್ತಿಯಿಂದ ಏಳುತ್ತದೆ. ಈಗ ಇರುವ ಶಕ್ತಿಯನ್ನೆಲ್ಲ ಈ ಎಲೆಗಳಿಗೆ ಖರ್ಚು ಮಾಡುತ್ತಿದೆ. ಹೀಗೇ ಬಿಟ್ಟರೆ ಬಳಲಿ ಸಾಯುತ್ತದೆ." ಚಳಿ ತಡೆಯುತ್ತದೆ ಎಂದಷ್ಟೇ ತಿಳಿದಿದ್ದೆ, ಚಳಿಯೇ ಬೇಕು ಎನ್ನುವ ಪ್ರಾಣಿಪಕ್ಷಿ ಗಿಡಮರ ಇರಬಹುದೆಂದು ನನ್ನ ಮೈಸೂರು ತಲೆಗೆ ಹೊಳೆದೇ ಇರಲಿಲ್ಲ. ಕೊಂದದ್ದು ಹೆಪ್ಪಲ್ಲ, ಉಳಿಸಲು ಹೋದ ಅಜ್ಜಿ ಎಂದಾದರೆ ಮೊಮ್ಮಗಳಿಗೆ ಮುಂದೆ ಏನೆಂದು ಹೇಳುವುದು?

ಮೆಟ್ಟಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಸಿಂಧುಗೆ ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಏನನ್ನಿಸಿತೋ, ಕಣ್ಣೊರೆಸಿಕೊಳ್ಳುತ್ತಾ, "ನೋಡಮ್ಮಾ, ಎಲ್ರಿಗೂ ಬೆಚ್ಚಗಿಡೋದೇ ಬೇಕಾಗಿರಲ್ಲ. ಕೆಲವರನ್ನ ಅವರ ಪಾಡಿಗೆ ಬಿಡಬೇಕು" ಎಂದಳು. ಗಿಡಕ್ಕೆ ಹೇಳಿದ್ದಲ್ಲ ಅದು. ನಾನು ಕೋಡುಬಳೆ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮಗಳ ಮಾತು ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಸಿಂಕಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ.

ತ್ರೂಸ್ ಹೇಳಿದ ಚಿಕಿತ್ಸೆ ಇಷ್ಟೇ: ಬಟ್ಟೆ ಬಿಚ್ಚಿ, ಕುಂಡವನ್ನು ಹೀಟರ್ ಇಲ್ಲದ ಅವರ ಸೈಕಲ್ ಶೆಡ್ಡಿನಲ್ಲಿ ಬಿಡಬೇಕು. ಎಲೆಗಳು ಹೋಗುತ್ತವೆ, ಹೋಗಲಿ. ಬೇರು ಮತ್ತೆ ಮಲಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ನೀವೇ ತಂದಿಡಿ" ಎಂದು ಬೇರೆ ಹೇಳಿದರು. ಶಾಲು ಹೊದ್ದು, ಟೋಪಿ ಹಾಕಿ, ಕೈಗವಸು ತೊಟ್ಟು, ಅಂಗಿಯೂ ಇಲ್ಲದ ಗಿಡವನ್ನು ಎತ್ತಿಕೊಂಡು ಹಿತ್ತಲು ದಾಟಿದೆ. ಸೈಕಲ್ಲುಗಳ ನಡುವೆ ಸಿಮೆಂಟ್ ನೆಲದ ಮೇಲೆ ಇಟ್ಟು ಬರುವಾಗ ಮಗುವನ್ನು ಬೋರ್ಡಿಂಗ್ ಶಾಲೆಗೆ ಬಿಟ್ಟುಬಂದ ಸಂಕಟ. ಎರಡು ವಾರದಲ್ಲಿ ಎಲೆಗಳು ಮತ್ತೆ ಸೊಪ್ಪಾದವು. ಒಂದೇ ಚಳಿಗಾಲದಲ್ಲಿ ಒಂದೇ ಗಿಡ ಎರಡು ಸಲ ಸತ್ತಂತಾಯಿತು. ಮೊದಲ ಸಲ ಚಳಿಯನ್ನು ಬೈದಿದ್ದೆ. ಈ ಸಲ ಬೈಯಲು ನಾನೊಬ್ಬಳೇ ಸಿಕ್ಕಿದ್ದು.

ವೀಸಾ ಮುಗಿಯುವ ಹೊತ್ತಾಯಿತು, ಫೆಬ್ರವರಿಯಲ್ಲಿ ಮೈಸೂರಿಗೆ ವಾಪಸಾದೆ. ವಿಮಾನ ನಿಲ್ದಾಣದಲ್ಲಿ ಸಿಂಧು ಅಪ್ಪಿಕೊಂಡು, "ಎಲ್ಲಾ ಸಲೀಸಾಗಿ ಆಯ್ತಲ್ಲಮ್ಮಾ" ಎಂದಳು. ಹೆರಿಗೆಯಲ್ಲೂ ಅಳಲಿಲ್ಲ, ಆಗಲೂ ಅಳಲಿಲ್ಲ. ನಾನು ಇದ್ದರೂ ಆಗುತ್ತಿತ್ತು, ಇಲ್ಲದಿದ್ದರೂ ಆಗುತ್ತಿತ್ತು ಎಂಬ ಅನುಮಾನವನ್ನು ಜೊತೆಗಿಟ್ಟುಕೊಂಡು ಬಂದೆ. ಆಮೇಲೆ ವಿಡಿಯೋ ಕಾಲ್‌ನಲ್ಲಿ ಮೊದಲು ಇರಾ ವಿಚಾರ, ಕೂಡಲೇ ಗಿಡದ ವಿಚಾರ. "ಮಲಗಿದೆ ಅಮ್ಮಾ" ಎನ್ನುತ್ತಿದ್ದಳು. ಮಾರ್ಚಿನಲ್ಲೂ ಮಲಗಿದೆ, ಏಪ್ರಿಲ್ ಮೊದಲಲ್ಲೂ ಮಲಗಿದೆ. "ಮಲಗಿದೆಯೋ, ಅಥವಾ...?" ಎಂದು ಕೇಳಿದರೆ ಮಾತು ಬದಲಾಯಿಸುತ್ತಿದ್ದಳು. ತ್ರೂಸ್ ಹಿಂಡಿನ ಉಳಿದ ಭಾಗವೆಲ್ಲ ಎದ್ದು ಕೊಡೆ ಬಿಚ್ಚಿದ ಮೇಲೆ, ಎಲ್ಲರಿಗಿಂತ ತಡವಾಗಿ, ನಮ್ಮ ಕುಂಡದಲ್ಲಿ ನೇರಳೆ ಬಣ್ಣದ ಎರಡು ಮೊನೆಗಳು ಕಂಡವು. ಯಜಮಾನರನ್ನು ಕರೆದು ತೋರಿಸಿದೆ. "ಯಾವುದು, ಆ ಕಡ್ಡಿಯಾ?" ಎಂದರು ಆ ಪುಣ್ಯಾತ್ಮರು.

ಮೇ ತಿಂಗಳ ಒಂದು ದಿನ ಸಿಂಧು ಒಂದು ಫೋಟೋ ಕಳಿಸಿದಳು. ಬಿಸಿಲಿನಲ್ಲಿ ಟುಲಿಪ್ ಹೂಗಳು, ಅರ್ಧ ತೋಳಿನ ಅಂಗಿ ತೊಟ್ಟ ಜನ. ಆದರೆ ಶೆಡ್ಡಿನಿಂದ ನಮ್ಮ ಹಿತ್ತಲಿಗೆ ವಾಪಸು ಬಂದಿದ್ದ ಇರಾಳ ಗಿಡದ ಮೇಲೆ ಒಂದು ಹಳೇ ಬೆಡ್‌ಶೀಟು, ನಾಲ್ಕು ಮೂಲೆಗೂ ಇಟ್ಟಿಗೆ. ಹಿಂದಿನ ಸಂಜೆ ತ್ರೂಸ್ ಹೊದಿಸಿದ್ದಂತೆ. ನಾನು ಹೌಹಾರಿ ಫೋನ್ ಮಾಡಿದೆ. ನಾನು ಬಿಟ್ಟ ಬುದ್ಧಿ ಅವರಿಗೆ ಹೇಗೆ ಬಂತು? ಸಿಂಧು ಹಿಡಿದ ಫೋನಿಗೆ ತ್ರೂಸ್ ಬೇಲಿಯಾಚೆಯಿಂದಲೇ ಉತ್ತರ ಕೊಟ್ಟರು. ಮಲಗಿದ್ದಾಗ ಎಂಥ ಹೆಪ್ಪೂ ಅದನ್ನು ಏನೂ ಮಾಡುವುದಿಲ್ಲ. ಎದ್ದು, ಎಳೆ ಎಲೆ ಬಿಟ್ಟ ಮೇಲೆ ಮೇ ತಿಂಗಳ ಒಂದು ಸಣ್ಣ ಹೆಪ್ಪು ಬಿದ್ದರೂ ಸಾಕು, ಸುಟ್ಟುಹೋಗುತ್ತದೆ. ಜನ ಚಳಿಗಾಲದಲ್ಲಿ ಗಾಬರಿಯಾಗಿ ವಸಂತದಲ್ಲಿ ಮೈಮರೆಯುತ್ತಾರೆ ಎಂದು ನಕ್ಕರು. ನನಗೆ ಒಂದಿಷ್ಟು ಸಮಾಧಾನವಾಯಿತು. ನನ್ನ ಹೊದಿಕೆ ತಪ್ಪಾಗಿರಲಿಲ್ಲ, ತಿಂಗಳು ತಪ್ಪಾಗಿತ್ತು. ಬಸ್ಸಿಗೆ, ಮದುವೆ ಮುಹೂರ್ತಕ್ಕೆ, ಎಲ್ಲಕ್ಕೂ ತಡವಾಗಿ ಹೋಗುವ ನಾನು ಕಾಳಜಿ ಮಾಡುವುದರಲ್ಲಿ ಮಾತ್ರ ಯಾವಾಗಲೂ ಮುಂಚಿತವಾಗಿ ಹೋಗಿ ಕೂತಿರುತ್ತೇನೆ.

ಅದಾದ ವಾರವೇ ಇರಬೇಕು. ತಾರಸಿಯ ಮೇಲೆ ಸಂಡಿಗೆ ಇಟ್ಟು ಕೆಳಗೆ ಬಂದು ಫ್ಯಾನಿನ ಕೆಳಗೆ ಕೂತಿದ್ದೆ. ಸಿಂಧು ಫೋನ್ ಬಂತು. ವಿಡಿಯೋ ಅಲ್ಲ, ಬರೀ ದನಿ. "ಏನಮ್ಮಾ ಈ ಹೊತ್ತಿನಲ್ಲಿ, ಆಫೀಸ್ ಇಲ್ವಾ?" ಎಂದೆ. "ಹಾಲು ಉಕ್ಕಿಹೋಯ್ತು ಅಮ್ಮಾ" ಎಂದಳು. ಹಾಲು ಉಕ್ಕಿದ್ದಕ್ಕೆ ಮೈಸೂರಿಗೆ ಫೋನ್ ಮಾಡುವವಳಲ್ಲ ನನ್ನ ಮಗಳು. "ಒರೆಸಿದರಾಯ್ತು ಬಿಡು" ಎಂದೆ. ಅಷ್ಟಕ್ಕೇ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ವೀರೇಶ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದಾನೆ. ಸಿಂಧುವಿನ ಹೆರಿಗೆ ರಜೆ ಮುಗಿದು, ಇರಾ ಕ್ರೆಶ್‌ಗೆ ಹೋಗಲು ಶುರುಮಾಡಿದಾಗಿನಿಂದ ಬಿಟ್ಟೂ ಬಿಡದೆ ನೆಗಡಿ. ಆಫೀಸಿನಲ್ಲಿ ಹೊಸ ಪ್ರಾಜೆಕ್ಟು. ಇವತ್ತು ಮೂಗು ಸೋರುತ್ತಿರುವ ಮಗುವನ್ನು ಮನೆಯಲ್ಲಿಟ್ಟುಕೊಂಡು ಮೀಟಿಂಗಿನಲ್ಲಿ ಕೂತವಳು ಒಲೆಯ ಮೇಲಿನ ಹಾಲು ಮರೆತಿದ್ದಾಳೆ. "ಹೊರಗಡೆ ಎಷ್ಟು ಚೆನ್ನಾಗಿ ಬಿಸಿಲಿದೆ ಗೊತ್ತಾ ಅಮ್ಮಾ. ಎಲ್ರೂ ಖುಷಿಯಾಗಿದಾರೆ. ನಂಗೆ ಮಾತ್ರ ಯಾಕೋ ಆಗ್ತಾನೇ ಇಲ್ಲ" ಎಂದಳು.

ಇಂಥ ದಿನ ಬಂದೇ ಬರುತ್ತದೆ ಎಂದು ನಾನು ಮೊದಲೇ ಲೆಕ್ಕ ಹಾಕಿ ಒಂದು ಭಾಷಣ ಸಿದ್ಧ ಮಾಡಿಟ್ಟುಕೊಂಡಿದ್ದೆ. 'ನಾನು ಆಗಲೇ ಹೇಳಿರಲಿಲ್ವಾ' ಎಂದು ಶುರುವಾಗಿ, ಅಂಟಿನುಂಡೆ, ತಣ್ಣನೆ ಮೊಸರು, ಒದ್ದೆ ಕೂದಲು ಎಲ್ಲವನ್ನೂ ಮುಟ್ಟಿ, ಹಿರಿಯರ ಮಾತಿನ ಬೆಲೆಗೆ ಬಂದು ನಿಲ್ಲುವ ಭಾಷಣ. ಅಷ್ಟು ವರ್ಷ ಕ್ಲಾಸು ತೆಗೆದುಕೊಂಡವಳಿಗೆ ಅಂಥದ್ದೇನೂ ಕಷ್ಟವಲ್ಲ. ಮಗಳು ಅಳುವುದನ್ನು ಕೇಳುತ್ತಾ ನನ್ನ ಕಣ್ಣಲ್ಲೂ ನೀರು ಬಂತು, ಜೊತೆಗೆ ಒಳಗೊಳಗೇ ಸಂತೋಷವೂ ಆಯಿತು. ಎಂಥ ತಾಯಿಯೋ ನಾನು, ಮಗಳ ಅಳು ಕೇಳಿ ಹಿಗ್ಗುವವಳು! ಬಾಯಿಗೆ ಬಂದದ್ದು ಮಾತ್ರ ಬೇರೆಯೇ. "ಟಿಕೆಟ್ ಯಾವತ್ತಿಗೆ ಸಿಗುತ್ತೆ ನೋಡು" ಎಂದುಬಿಟ್ಟಿದ್ದೆ.

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಮ್ಮಾ, ನಾನಿನ್ನೂ ಕರೆದೇ ಇಲ್ಲ."

"ಹಾಗಾದ್ರೆ ಕರಿ, ಕಾಯ್ತೀನಿ" ಎಂದೆ.

ಫೋನಿನಲ್ಲಿ ಸ್ವಲ್ಪ ಹೊತ್ತು ಮೂಗು ಸೀಟುವ ಸದ್ದು. ತಾಯಿಯದೋ ಮಗುವಿನದೋ ತಿಳಿಯಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಬಾಮ್ಮಾ" ಎಂದಳು.

ಸಿದ್ಧಪಡಿಸಿದ ಭಾಷಣವೆಲ್ಲ ದಂಡವಾಯಿತು. ಹೂಂ ಎಂದವಳೇ ಸೂಟ್‌ಕೇಸ್ ಇಳಿಸಿಕೊಡಲು ಯಜಮಾನರನ್ನು ಕೂಗಿದೆ.